ಕಾಣದಿದ್ದರೆ ಐತೆ

ರೇಸ್ ಕಾರಿಗೆ ಹಾರ್ನ್ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಬಲಗೈ ಹೆಬ್ಬೆರಳಿಗೆ ಗೊತ್ತಿರಲಿಲ್ಲ.

ಹೆಬ್ಬೆರಳನ್ನು ದೂರಿ ಪ್ರಯೋಜನವಿಲ್ಲ. ಅದು ವಿದ್ಯೆ ಕಲಿತದ್ದು ಅಪ್ಪನ ಜೀಪಿನಲ್ಲಿ. ಅಪ್ಪ ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿಯ ಮೇಲೆ ಬಾಡಿಗೆ ಜೀಪು ಓಡಿಸುತ್ತಾನೆ. ಹತ್ತುವಾಗ ಹಾಲಿನ ಕ್ಯಾನು ಮತ್ತು ಜನ, ಇಳಿಯುವಾಗ ಕ್ಯಾರೆಟ್ ಮೂಟೆ ಮತ್ತು ಅದೇ ಜನ. ನಾನು ಹುಟ್ಟುವ ಮೊದಲೇ ಆ ಜೀಪಿನ ಸ್ಟೀರಿಂಗ್ ನಡುವಿನ ಹಾರ್ನ್ ಕೆಟ್ಟುಹೋಗಿತ್ತು. ಊರಿನ ಮೆಕ್ಯಾನಿಕ್ ಅದನ್ನು ರಿಪೇರಿ ಮಾಡುವ ಬದಲು ಸ್ಟೀರಿಂಗಿನ ಬಲಗಡೆಯ ಕಡ್ಡಿಯ ಮೇಲೆ, ಹೆಬ್ಬೆರಳು ತಾನಾಗಿ ಬೀಳುವ ಜಾಗದಲ್ಲಿ, ಮನೆಯ ಕಾಲಿಂಗ್ ಬೆಲ್ಲಿನ ಗುಂಡಿಯೊಂದನ್ನು ಕೂರಿಸಿಕೊಟ್ಟರು. ತಾತ್ಕಾಲಿಕ ಎಂದಿದ್ದರಂತೆ. ಅದು ಇವತ್ತಿಗೂ ಅಲ್ಲೇ ಇದೆ. ಹೀಗಾಗಿ ಘಾಟಿಯ ಪ್ರತಿ ತಿರುವಿನಲ್ಲೂ ನಾವು ಯಾರದೋ ಮನೆ ಬಾಗಿಲಿಗೆ ಬಂದವರಂತೆ ಬೆಲ್ ಒತ್ತುತ್ತೇವೆ, ಒಳಗಿನಿಂದ ಯಾರಾದರೂ ಓಗೊಡುತ್ತಾರೋ ಎಂದು ಕಿವಿಗೊಡುತ್ತೇವೆ, ಆಮೇಲೆ ತಿರುಗುತ್ತೇವೆ.

ಇಷ್ಟೇ ಆಗಿದ್ದರೆ ವಿಷಯ ಹೆಬ್ಬೆರಳಿನಲ್ಲೇ ಮುಗಿಯುತ್ತಿತ್ತು. ಆದರೆ ಬಾಯಿಯದೂ ಒಂದು ಪಾಲಿದೆ.

ಕಲ್ಲಟ್ಟಿಯಲ್ಲಿ ದಾರಿ ಮಡಿಚಿಟ್ಟ ಸೀರೆಯ ಹಾಗೆ ಒಂದರ ಕೆಳಗೊಂದು ಇಳಿಯುತ್ತದೆ. ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕು. ಬಿಡಬೇಕೆಂದರೆ ಅದು ಬರುತ್ತಿದೆ ಎಂದು ಮೊದಲೇ ತಿಳಿಯಬೇಕು. ಅದಕ್ಕೇ ಅಪ್ಪನ ಜೀಪಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತವರಿಗೆ ಒಂದು ಕೆಲಸವಿದೆ. ಕತ್ತು ಹೊರಗೆ ಚಾಚಿ, ಪೊದೆಗಳ ಸಂದಿಯಿಂದ ಕೆಳಗಿನ ಮಡಿಕೆಯನ್ನು ನೋಡಿ, ತಿರುವು ಬರುವ ಮೊದಲು ಒಂದೇ ಮಾತು ಹೇಳಬೇಕು. ಏನಾದರೂ ಬರುತ್ತಿದ್ದರೆ 'ಐತೆ'. ಬರದಿದ್ದರೆ 'ಇಲ್ಲ'. ಬರುತ್ತಿರುವುದು ಬಸ್ಸೋ ಆನೆಯೋ ಎಂಬ ವಿವರ ಬೇಕಿಲ್ಲ, ಎರಡಕ್ಕೂ ನಿಲ್ಲಬೇಕಾದವರು ನಾವೇ. ನನ್ನ ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದ ಆ ಸೀಟು ನನ್ನದಾಗಿತ್ತು.

"ಕಾಣ್ನಿಲ್ಲ ಅಂದ್ರೆ ಏನಂತ ಹೇಳ್ಲಪ್ಪಾ?" ಎಂದು ಒಮ್ಮೆ ಕೇಳಿದ್ದೆ. ಮಂಜು ಬಿದ್ದ ದಿನ.

"ಕಾಣ್ದಿದ್ರೆ ಐತೆ ಅನ್ನು. ಇಲ್ಲ ಅನ್ನಕ್ಕೆ ಕಣ್ಣಲ್ಲಿ ನೋಡಿರ್ಬೇಕು ಕಣವ್ವಾ."

ದೇವರ ವಿಷಯದಲ್ಲಿ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು. ಆದ್ದರಿಂದ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಇಲ್ಲೊಂದು ಭಾಷಾವಿಚಾರವನ್ನು ದಾಖಲಿಸಬೇಕು. ನಮ್ಮ ನೆರೆಯವರಲ್ಲಿ ಹೆಚ್ಚಿನವರು ಗುಂಡ್ಲುಪೇಟೆ ಕಡೆಯಿಂದ ಬಂದವರು, ಅವರು 'ಅದ' ಅನ್ನುತ್ತಾರೆ. ನಮ್ಮಜ್ಜ ಮಂಡ್ಯದ ಕಡೆಯಿಂದ ಬಂದದ್ದರಿಂದ ನಮ್ಮ ಮನೆಯಲ್ಲಿ 'ಐತೆ'. ಅಜ್ಜ ಇನ್ನೊಂದು ಊರಿನಲ್ಲಿ ಹುಟ್ಟಿದ್ದರೆ ನಾನು ಮುಂದೆ ಹೇಳಲಿರುವುದರಲ್ಲಿ ಅರ್ಧದಷ್ಟು ನಡೆಯುತ್ತಲೇ ಇರಲಿಲ್ಲ.

ನಾನು ಊಟಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಾಗದದ ಮೇಲೆ ನನಗೆ ಗೊತ್ತಿಲ್ಲದ ತಿರುವಿಲ್ಲ. ಟೈರು ಎಷ್ಟು ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ, ಒಂದು ತಿರುವನ್ನು ಅತಿ ಬೇಗ ದಾಟಬೇಕಾದರೆ ದಾರಿಯ ಹೊರ ಅಂಚಿನಿಂದ ಹೊರಟು ಒಳ ಅಂಚನ್ನು ಮುಟ್ಟಿ ಮತ್ತೆ ಹೊರ ಅಂಚಿಗೆ ಬರಬೇಕೆಂಬುದು, ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೇನೆ. ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಕೊಯಮತ್ತೂರಿಗೆ ಇಳಿದು ಅಲ್ಲಿನ ಬಯಲಿನಲ್ಲಿ ಪುಟ್ಟ ರೇಸ್ ಗಾಡಿಗಳನ್ನು ಓಡಿಸುತ್ತಿದ್ದೆ. ಬಯಲಿನಲ್ಲಿ ಎಲ್ಲ ತಿರುವೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ನಾನು ಕೆಟ್ಟ ಡ್ರೈವರಾಗಿರಲಿಲ್ಲ.

ಊರಿನಲ್ಲಂತೂ ನಾನು 'ಒಳ್ಳೆ ಡ್ರೈವರು'. ಘಾಟಿಯಲ್ಲಿ ಆ ಮಾತಿನ ಅರ್ಥ, ನಿಧಾನ. ಹೊಗಳಿಕೆಯೆಂದರೆ, "ಆ ಹುಡ್ಗಿ ಓಡ್ಸುದ್ರೆ ಬ್ರೇಕ್ ವಾಸ್ನೇನೆ ಬರಲ್ಲ." ನಾನು ಇದನ್ನು ವಿನಯದಿಂದ ಸ್ವೀಕರಿಸುತ್ತ ಬಂದಿದ್ದೆ. ಒಳಗೆ ಮಾತ್ರ ಒಂದು ಪ್ರಶ್ನೆ ಉಳಿದುಕೊಂಡಿತ್ತು. ಎದುರಿಗೆ ಯಾರೂ ಬರದ ದಾರಿಯೊಂದಿದ್ದರೆ, ಇಡೀ ದಾರಿ ನನ್ನದೇ ಆಗಿದ್ದರೆ, ನಾನು ಎಷ್ಟು ವೇಗವಾಗಿ ಹೋಗಬಲ್ಲೆ? ಅದನ್ನು ತಿಳಿಯುವುದಕ್ಕೇ ನಾನು ಇಂಗ್ಲೆಂಡಿಗೆ ಹೋದದ್ದು. ಅಲ್ಲಿ ಕಾಡುಗುಡ್ಡದ ನಡುವಿನ ರೇಸ್ ಟ್ರ್ಯಾಕೊಂದರಲ್ಲಿ ಹವ್ಯಾಸಿಗಳಿಗೆ ಕಲಿಸುವ ಶಾಲೆಯಿತ್ತು. ಮೊದಲು ಚಿಕ್ಕ ಕಾರುಗಳು. ಕೊನೆಯ ಮಧ್ಯಾಹ್ನ, ಬೋಧಕನಿಗೆ ನಂಬಿಕೆ ಬಂದವರಿಗೆ ಮಾತ್ರ, ಒಬ್ಬರೇ ಕೂರುವ, ಚಕ್ರಗಳು ಬರಿಮೈಯಲ್ಲಿ ಹೊರಗಿರುವ, ನಿಜವಾದ ದೊಡ್ಡ ಕಾರು. ಉಳಿದವರಿಗೆ ಪ್ರಮಾಣಪತ್ರ ಮತ್ತು ಟೀ.

ಟೀ ಕುಡಿಯಲು ನೀಲಗಿರಿಯಿಂದ ಇಂಗ್ಲೆಂಡಿಗೆ ಹೋಗುವ ಅಗತ್ಯ ನನಗಿರಲಿಲ್ಲ. ನನಗೆ ಬೇಕಾದದ್ದು ದೊಡ್ಡ ಕಾರು.

ಹೊರಡುವ ಮುಂಚೆ ಮಸಿನಗುಡಿಯ ಜೀಪ್ ಸ್ಟ್ಯಾಂಡಿನಲ್ಲಿ ಸುದ್ದಿ ಹರಡಿತು. ನಾನು ಹೇಳಿರಲಿಲ್ಲ. ನಾನು ಯಾರಿಗೂ ಏನನ್ನೂ ಹೇಳುವುದಿಲ್ಲ, ಆದರೂ ಎಲ್ಲರಿಗೂ ಎಲ್ಲ ತಿಳಿದಿರುತ್ತದೆ. ಅಪ್ಪನ ಜೊತೆಗಾರನೊಬ್ಬ, ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು, ಬಾನೆಟ್ಟಿನ ಮೇಲೆ ಕೂತಲ್ಲಿಂದಲೇ ಕೂಗಿದ.

"ಏನ್ ಟೀಚರಮ್ಮಾ, ವಂಡಿ ಓಡ್ಸಕ್ಕೆ ಫಾರಿನ್ನಾ? ನಮ್ ಕಲ್ಲಟ್ಟಿ ನಿಮ್ಗೆ ಪತ್ತಲಿಯಾ, ಸಾಲ್ದಾ?"

"ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರೋದಂತೆ ಕಣಣ್ಣಾ ಅದು," ಎಂದು ಅಪ್ಪ ನನ್ನ ಪರವಾಗಿ ವಿವರಿಸಿದ. "ಎಲ್ಲಿಗೂ ಹೋಗಲ್ವಂತೆ."

"ಪ್ಯಾಸೆಂಜರು?"

"ಇಲ್ವಂತೆ."

"ಲೋಡು?"

"ಅದೂ ಇಲ್ಲ."

ಜೊತೆಗಾರ ಬಾನೆಟ್ಟಿನಿಂದ ಇಳಿದು, "ಹಂಗಾದ್ರೆ ಡೀಸೆಲ್ ದಂಡ," ಎಂದ. ನಾನು ಅಲ್ಲಿಯವರೆಗೆ ಓದಿದ್ದ ಎಲ್ಲ ಪುಸ್ತಕಗಳಿಗಿಂತ ಇದು ಈ ಕ್ರೀಡೆಯ ಬಗ್ಗೆ ನಿಖರವಾದ ವಿಮರ್ಶೆಯಾಗಿತ್ತು.

ಅಮ್ಮನ ಚಿಂತೆ ಬೇರೆ. "ಬೀಳೋದಾದ್ರೆ ಇಲ್ಲೇ ಬೀಳವ್ವಾ, ಎತ್ತಕ್ಕೆ ನಾವಿದ್ದೀವಿ. ಅಷ್ಟು ದೂರ ಹೋಗಿ ಯಾಕ್ ಬೀಳ್ತೀಯ?"

ಇಂಗ್ಲೆಂಡು ನನಗೆ ಹೊಸದೆನಿಸಲಿಲ್ಲ. ಬೇಲಿಯ ಗಿಡಗಳು, ಇಳಿಜಾರು ಮಾಡಿನ ಕೆಂಪು ಮನೆಗಳು, ಮಧ್ಯಾಹ್ನವೇ ಇಳಿಯುವ ಮಂಜು, ಕಲ್ಲಿನ ಚರ್ಚು. ಯಾರೋ ಊಟಿಯನ್ನು ಒಮ್ಮೆ ನೋಡಿ ಹೋಗಿ ನೆನಪಿನಿಂದ ಕಟ್ಟಿದಂತಿತ್ತು. ಅಷ್ಟೇನೂ ಕೆಟ್ಟ ನಕಲಲ್ಲ.

ಟ್ರ್ಯಾಕ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಪೈನ್ ಮರಗಳ ನಡುವೆ ಏರಿ, ದಿಬ್ಬದ ತಲೆಯಲ್ಲಿ ಮಾಯವಾಗಿ, ಆಚೆ ಎಲ್ಲಿಗೋ ತಿರುಗಿ ಇಳಿಯುತ್ತಿತ್ತು. ನನ್ನ ಜೊತೆ ಕಲಿಯಲು ಬಂದವರೆಲ್ಲ ನಡುವಯಸ್ಸಿನ ಗಂಡಸರು. ಹುಟ್ಟುಹಬ್ಬಕ್ಕೆಂದು ಹೆಂಡತಿಯರು ಈ ತರಬೇತಿಯನ್ನು ಉಡುಗೊರೆ ಕೊಟ್ಟಿದ್ದರಂತೆ. ಅವರಲ್ಲೊಬ್ಬ ಹಲ್ಲಿನ ಡಾಕ್ಟರು ಮೊದಲ ಸುತ್ತಿನಲ್ಲೇ ಮೂರು ಬಾರಿ ಹುಲ್ಲಿಗೆ ಇಳಿದು, ಪ್ರತಿ ಬಾರಿಯೂ ಮಗುವಿನ ಹಾಗೆ ನಗುತ್ತ ಬಂದ. ಅವನ ಹೆಂಡತಿಯ ಉದ್ದೇಶ ಏನಿತ್ತೋ ಎಂದು ನನಗೆ ಸಣ್ಣ ಅನುಮಾನವಾಯಿತು.

ನನ್ನ ಬೋಧಕ ಉದ್ದನೆಯ, ಒಣಕಲು ಮುದುಕ. ಬಾಯಲ್ಲಿ ಮಾತು ಕಡಿಮೆ. ಮೊದಲ ದಿನವೇ ಸ್ಟೀರಿಂಗಿನ ಬಲಗಡೆಯ ಹಸಿರು ಗುಂಡಿಯನ್ನು ತೋರಿಸಿ, "ಇದು ರೇಡಿಯೋ. ಒತ್ತಿದಷ್ಟು ಹೊತ್ತು ನಿನ್ನ ಮಾತು ನನಗೆ ಕೇಳುತ್ತದೆ. ಹೇಳಲೇಬೇಕಾದದ್ದಿದ್ದರೆ ಮಾತ್ರ ಒತ್ತು. ಮುಳ್ಳು ಎಲ್ಲಿದೆ, ಏನು ಕೆಟ್ಟಿದೆ, ಅಷ್ಟೇ. ಒಂದೇ ಪದದಲ್ಲಿ ಹೇಳು," ಎಂದ. ಮುಳ್ಳೆಂದರೆ ಎಂಜಿನ್ ಎಷ್ಟು ಸಾವಿರ ಸುತ್ತು ತಿರುಗುತ್ತಿದೆಯೆಂದು ತೋರಿಸುವ ಮೀಟರಿನದು. ಇಷ್ಟು ಮಿತಭಾಷಿಯಾದ ಮನುಷ್ಯನನ್ನು ಹುಡುಕಿಕೊಂಡು ಇಷ್ಟು ದೂರ ಬಂದದ್ದು ಸಾರ್ಥಕವಾಯಿತೆಂದು ನನಗನಿಸಿತು. ಆ ಗುಂಡಿಯನ್ನು ನಾನು ಒಮ್ಮೆಯೂ ಒತ್ತುವ ಪ್ರಸಂಗ ಬಾರದು ಎಂದುಕೊಂಡು ಹೊರಟೆ.

ಗುಂಡಿ ಹೆಬ್ಬೆರಳು ತಾನಾಗಿ ಬೀಳುವ ಜಾಗದಲ್ಲಿತ್ತು.

ಮೊದಲ ಕುರುಡು ತಿರುವನ್ನು ದಾಟಿದ ಕೂಡಲೇ ಕಿವಿಯೊಳಗೆ ಬೋಧಕನ ಧ್ವನಿ ಬಂತು. "ಎಯ್ಟ್. ಸರಿ."

ಎಂಟು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮುಂದಿನ ತಿರುವು ದಿಬ್ಬದ ಆಚೆ ಇತ್ತು. ಅದನ್ನು ದಾಟಿದೆ. "ಎಯ್ಟ್, ಕೇಳಿಸಿತು," ಎಂದ. ಆಗ ಹೊಳೆಯಿತು, ನನಗೆ ಅಂಕ ಕೊಡುತ್ತಿದ್ದಾನೆ. ಹತ್ತಕ್ಕೆ ಎಂಟು. ನಾನೂ ಅಂಕ ಕೊಡುವ ವೃತ್ತಿಯವಳೇ. ಪ್ರತಿ ತಿರುವಿಗೂ ಎಂಟು ಕೊಡುವ ಮೇಷ್ಟ್ರು ಎಂಥವರೆಂದು ನನಗೆ ಗೊತ್ತು, ಅವರು ಉತ್ತರಪತ್ರಿಕೆ ಓದುವುದಿಲ್ಲ. ಆದರೂ ನನಗೆ ಸಂತೋಷವಾಯಿತು. ಅಡ್ಡಿಯಿಲ್ಲ, ಒಂಬತ್ತು ತೆಗೆಯೋಣ ಎಂದುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಶ್ರದ್ಧೆಯಿಂದ ಓಡಿಸಿದೆ. ಮತ್ತೆ ಎಂಟು. ಮತ್ತೆ ಮತ್ತೆ ಎಂಟು. ಆ ದಿನ ಸಂಜೆ ಹೋಟೆಲಿನ ಕೋಣೆಯಲ್ಲಿ ಆಲೂಗಡ್ಡೆ ತಿನ್ನುತ್ತ ನಾನು ಅಪ್ಪನಿಗೆ ಫೋನ್ ಮಾಡಿ, "ಪರವಾಗಿಲ್ಲಪ್ಪಾ, ಎಂಟು ಕೊಡ್ತಾವ್ರೆ," ಎಂದೆ.

"ಎಷ್ಟಕ್ಕೆ?"

"ಹತ್ತಕ್ಕೆ ಇರ್ಬೇಕು."

"ಕೇಳ್ಕೊ," ಎಂದ ಅಪ್ಪ. "ನೂರಕ್ಕೇನಾದ್ರೂ ಇದ್ದಾತು."

ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ಕೊನೆಯ ದಿನ ಬೆಳಗ್ಗೆ ಶೆಡ್ಡಿಗೆ ಹೋದಾಗ ನನ್ನ ಚಿಕ್ಕ ಕಾರಿನ ಮುಂದೆ ಬೋಧಕನೂ ಒಬ್ಬ ಮೆಕ್ಯಾನಿಕ್ಕೂ ನಿಂತಿದ್ದರು. ಮೆಕ್ಯಾನಿಕ್ಕನ ಕೈಯಲ್ಲಿ ಸ್ಪ್ಯಾನರ್ ಇತ್ತು. ಕಾರಿನ ಮೀಟರ್ ಬಿಚ್ಚುವ ಸಿದ್ಧತೆ.

"ಈ ಕಾರು ಇವತ್ತು ಓಡುವುದಿಲ್ಲ," ಎಂದ ಬೋಧಕ. "ನೀನು ಪ್ರತಿ ತಿರುವಿನಲ್ಲೂ ಮುಳ್ಳು ಎಂಟು ಸಾವಿರದಲ್ಲಿದೆ ಎಂದು ಹೇಳುತ್ತಿದ್ದೀಯ. ಕಂಪ್ಯೂಟರು ನಾಲ್ಕೂವರೆ ತೋರಿಸುತ್ತಿದೆ. ಮೀಟರ್ ಕೆಟ್ಟಿದೆ. ಇಷ್ಟು ಕ್ರಮಬದ್ಧವಾಗಿ ವರದಿ ಕೊಡುವ ವಿದ್ಯಾರ್ಥಿಯನ್ನು ನಾನು ನೋಡಿಲ್ಲ."

"ನಾನು ಏನನ್ನೂ ಹೇಳಿಲ್ಲ," ಎಂದೆ. ನನ್ನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವ ಒಂದು ಸಂಗತಿಯೆಂದರೆ ಅದೇ.

ಬೋಧಕ ಮೇಜಿನ ಮೇಲಿದ್ದ ರೆಕಾರ್ಡರಿನ ಗುಂಡಿ ಒತ್ತಿದ. ಎಂಜಿನ್ನಿನ ಮೊರೆತ. ಅದರ ನಡುವೆ, ಸ್ಪಷ್ಟವಾಗಿ, ಅಪ್ಪನ ಲಯದಲ್ಲಿ, ನನ್ನ ಧ್ವನಿ.

"ಐತೆ."

ಮೊರೆತ. ಗೇರು ಬಿದ್ದ ಸದ್ದು.

"ಐತೆ."

ಮೂರು ದಿನ ನಾನು ಗುಟ್ಟಾಗಿ ಹೆಮ್ಮೆ ಪಟ್ಟ ಅಂಕಗಳೆಲ್ಲ ನನ್ನದೇ ಮಾತಿನ ಪ್ರತಿಧ್ವನಿ. ನಾನೂ ಬೋಧಕನೂ ಎಷ್ಟು ಸಭ್ಯರೆಂದರೆ, ಎಂಟೆಂದರೆ ಏನು ಎಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೀಟರ್ ಬಿಚ್ಚಿದರೆ ಕಾರಿಲ್ಲ, ಕಾರಿಲ್ಲದಿದ್ದರೆ ದೊಡ್ಡ ಕಾರಂತೂ ಇಲ್ಲವೇ ಇಲ್ಲ.

"ಅದು ಸಂಖ್ಯೆ ಅಲ್ಲ," ಎಂದೆ. "ನನ್ನ ಭಾಷೆ. 'ಇದೆ' ಅಂತ ಅರ್ಥ."

"ಏನಿದೆ?"

"ಎದುರಿಗೆ ಬರುವವರು."

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ.

"ಯಾರು?" ಎಂದ ಬೋಧಕ.

"ಯಾರಾದರೂ."

ಆಗ ಅವನು ಕಂಪ್ಯೂಟರಿನಲ್ಲಿ ಪ್ರತಿ ಸುತ್ತಿನಲ್ಲೂ ನನ್ನ ಕಾರು ಹೋದ ದಾರಿಯ ಗೆರೆಯನ್ನು ತೆರೆದ. ಕಣ್ಣಿಗೆ ಕಾಣುವ ತಿರುವುಗಳಲ್ಲಿ ಗೆರೆ ನಾನು ಬೋರ್ಡಿನ ಮೇಲೆ ಬರೆಯುವಂತೆಯೇ ಇತ್ತು, ಹೊರ ಅಂಚು, ಒಳ ಅಂಚು, ಹೊರ ಅಂಚು. ಕಾಣದ ತಿರುವುಗಳಲ್ಲಿ ಮಾತ್ರ ಅದು ಎಡಕ್ಕೆ ಸರಿದು, ಅಂಚಿಗೆ ಅಂಟಿ, ಭಕ್ತಿಯಿಂದ ಹೋಗುತ್ತಿತ್ತು. ಬಲಗಡೆಯ ಅರ್ಧ ದಾರಿ ಪೂರ್ತಿ ಖಾಲಿ. ಒಂದು ಹಾಲಿನ ವ್ಯಾನು ಸಲೀಸಾಗಿ ಹೋಗುವಷ್ಟು.

"ನಿನ್ನ ಮೇಲೆ ನನಗಿದ್ದದ್ದು ಇದೊಂದೇ ದೂರು," ಎಂದ. "ಈ ಅರ್ಧ ರಸ್ತೆಯನ್ನು ಯಾರಿಗಾಗಿ ಉಳಿಸುತ್ತಿದ್ದೀಯ ಎಂದು ಕೇಳಬೇಕೆಂದಿದ್ದೆ. ಈಗ ತಿಳಿಯಿತು. ನೋಡು, ಈ ಟ್ರ್ಯಾಕಿನಲ್ಲಿ ನಾನು ಮುದುಕನಾದೆ. ಎದುರಿಗೆ ಯಾರೂ ಬಂದದ್ದಿಲ್ಲ. ಒಂದು ಮೊಲ ಬಂದಿತ್ತು."

"ಮೊಲ ಸಾಕು," ಎಂದು ಬಾಯಿಗೆ ಬಂತು. ಹೇಳಲಿಲ್ಲ.

ಅವನ ಷರತ್ತು ಸರಳವಾಗಿತ್ತು. ದಿಬ್ಬದ ಆಚೆಗಿನ ತಿರುವನ್ನು ಇಡೀ ರಸ್ತೆ ಬಳಸಿ ಒಂದು ಸಲ ದಾಟಿ ತೋರಿಸಿದರೆ ದೊಡ್ಡ ಕಾರು. ಇಲ್ಲದಿದ್ದರೆ ಟೀ. "ಐತೆ ಎಂದರೆ ಯಾರೋ ಬರುತ್ತಿದ್ದಾರೆ. ತಿಳಿಯಿತು. ಆ ಪದ ಕೇಳಿದರೆ ಇನ್ನು ಮೇಲೆ ನಾನು ಮೀಟರ್ ನೋಡುವುದಿಲ್ಲ," ಎಂದ. ಯಾರೂ ಬರದಿದ್ದರೆ ಏನನ್ನುತ್ತೀಯ ಎಂದು ಅವನು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಹೊರಟೆ. ಮೊದಲ ಸುತ್ತು, 'ಐತೆ', ಅರ್ಧ ರಸ್ತೆ. ಎರಡನೆಯ ಸುತ್ತು, ಬಾಯಿ ಕಚ್ಚಿ ಹಿಡಿದೆ, ಆದರೂ ಕೈ ಎಡಕ್ಕೆ ಎಳೆಯಿತು. ಬುದ್ಧಿಗೆ ಗೊತ್ತಿರುವುದನ್ನು ಕೈಗೆ ತಿಳಿಸುವ ಸಮೀಕರಣ ಯಾವ ಪಠ್ಯದಲ್ಲೂ ಇಲ್ಲ. ನಾನು ಎಷ್ಟೋ ಮಕ್ಕಳಿಗೆ 'ತರ್ಕವನ್ನು ನಂಬಿ' ಎಂದು ಹೇಳಿದ್ದೇನೆ. ಅವರೆಲ್ಲ ಆ ದಿಬ್ಬದ ಮೇಲೆ ಕೂತು ನನ್ನನ್ನು ನೋಡುತ್ತಿರುವಂತೆ ಅನಿಸಿತು.

ಮೂರನೆಯ ಸುತ್ತಿನಲ್ಲಿ ದಿಬ್ಬ ಏರುವಾಗ ನನಗೊಂದು ಯೋಚನೆ ಬಂತು. ಅಪ್ಪ ಹೇಳಿದ್ದೇನು? ಇಲ್ಲ ಅನ್ನಲು ಕಣ್ಣಲ್ಲಿ ನೋಡಿರಬೇಕು. ನಾನು ಈ ತಿರುವನ್ನು ಮೂರು ದಿನದಿಂದ ನೋಡುತ್ತಿದ್ದೇನೆ. ಪ್ರತಿ ಸಲ ಆಚೆ ಹೋಗಿ ನೋಡಿದಾಗಲೂ ಅಲ್ಲಿ ಯಾರಿದ್ದರು? ಪೈನ್ ಮರ, ಆಕಾಶ, ಇಳಿಜಾರು. ನೋಡಿಯಾಗಿತ್ತಲ್ಲ. ಇಷ್ಟು ಸಲ ನೋಡಿಯೂ ಇಲ್ಲ ಎನ್ನದಿದ್ದರೆ ಅದು ಎಚ್ಚರವಲ್ಲ, ಬರಿ ಹಟ. ದಿಬ್ಬದ ತಲೆ ಬಂತು. ಹೆಬ್ಬೆರಳು ಗುಂಡಿಯ ಮೇಲೆ ಇಳಿಯಿತು, ಅದನ್ನು ತಡೆಯುವಷ್ಟು ವ್ಯವಧಾನ ಇರಲಿಲ್ಲ. ಬಾಯಿ ತೆರೆಯಿತು. ಜೀವನದಲ್ಲಿ ಮೊದಲ ಬಾರಿಗೆ ಕಾಣದ ತಿರುವೊಂದಕ್ಕೆ ನಾನು ಗಟ್ಟಿಯಾಗಿ ಹೇಳಿದೆ:

"ಇಲ್ಲ!"

ಕಾರು ಬಲಕ್ಕೆ ಬಿಚ್ಚಿಕೊಂಡಿತು. ಹೊರ ಅಂಚಿನಿಂದ ಒಳ ಅಂಚಿಗೆ, ಕಾಲು ಬ್ರೇಕನ್ನು ಮರೆತು, ಟೈರುಗಳು ಸಣ್ಣಗೆ ಹಾಡುತ್ತ, ಅಲ್ಲಿಂದ ಜಾರಿ ಮತ್ತೆ ಹೊರ ಅಂಚಿನ ಕೆಂಪು ಬಿಳಿ ಪಟ್ಟೆಯ ಮೇಲೆ ಗಡಗಡ ಎಂದು. ಇಡೀ ರಸ್ತೆ. ಹಾಲಿನ ವ್ಯಾನು ಬರಲಿಲ್ಲ, ಆನೆ ಬರಲಿಲ್ಲ, ಮೊಲವೂ ಬರಲಿಲ್ಲ. ಎದೆಯೊಳಗೆ ಏನೋ ಹಗುರಾಗಿ, ನನಗೆ ನಗು ಬಂತು. ಹಲ್ಲಿನ ಡಾಕ್ಟರು ಹುಲ್ಲಿನಿಂದ ಎದ್ದು ಬರುವಾಗ ಯಾಕೆ ನಗುತ್ತಿದ್ದನೆಂದು ಅರ್ಥವಾಯಿತು.

ಆಗಲೇ ಕಿವಿಯಲ್ಲಿ ಬೋಧಕನ ಧ್ವನಿ. ಅಷ್ಟು ದಿನದಲ್ಲಿ ಮೊದಲ ಬಾರಿ ಅದರಲ್ಲಿ ಗಾಬರಿ ಇತ್ತು.

"ಇಲ್? ಮೈಗೆ ಹುಷಾರಿಲ್ಲವೇ? ನಿಧಾನ ಮಾಡು. ಒಳಗೆ ಬಾ. ಮಾತಾಡಬೇಡ, ಒಳಗೆ ಬಾ."

ಇಂಗ್ಲಿಷಿನಲ್ಲಿ ಇಲ್ ಎಂದರೆ ಕಾಯಿಲೆ ಎಂಬುದನ್ನು ನಾನು ಒಂದನೇ ತರಗತಿಯಿಂದ ಬಲ್ಲೆ. ಅದನ್ನು ಇಷ್ಟು ತಡವಾಗಿ ನೆನೆಯಬೇಕಾಗಿ ಬರುತ್ತದೆಂದು ಯಾರೂ ಎಚ್ಚರಿಸಿರಲಿಲ್ಲ. ಟ್ರ್ಯಾಕಿನ ಸುತ್ತ ಕೆಂಪು ಬಾವುಟಗಳೆದ್ದವು. ಹಲ್ಲಿನ ಡಾಕ್ಟರನ್ನೂ ಸೇರಿಸಿ ಎಲ್ಲರನ್ನೂ ನಿಲ್ಲಿಸಿದರು. ನಾನು ಒಳಗೆ ಬರುವಷ್ಟರಲ್ಲಿ ಸಣ್ಣ ಆಂಬುಲೆನ್ಸ್ ಬಾಗಿಲು ತೆರೆದು ನಿಂತಿತ್ತು. ದಪ್ಪನೆಯ, ಕರುಣಾಳುವಾದ ನರ್ಸ್ ಒಬ್ಬರು ನನ್ನ ಹೆಲ್ಮೆಟ್ ತೆಗೆದು ನಾಡಿ ಹಿಡಿದರು. ನಾಡಿ ಓಡುತ್ತಿತ್ತು. ಮುಖ ಕೆಂಪಾಗಿತ್ತು. ಸಂತೋಷದ ಲಕ್ಷಣಗಳನ್ನೂ ಕಾಯಿಲೆಯ ಲಕ್ಷಣಗಳನ್ನೂ ವೈದ್ಯಶಾಸ್ತ್ರ ಬೇರೆ ಮಾಡುವುದಿಲ್ಲವೆಂದು ತೋರುತ್ತದೆ.

"ವಾಂತಿ ಬರುವಂತಿದೆಯೇ? ತಲೆ ಸುತ್ತುತ್ತಿದೆಯೇ?"

ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸದಿರಲು ನಾನು ಬಹಳ ಎಚ್ಚರ ವಹಿಸಿದೆ.

ಶಾಲೆಯ ನಿಯಮವೊಂದಿತ್ತು. ಕಾರಿನೊಳಗಿಂದ ಹುಷಾರಿಲ್ಲವೆಂದು ಯಾರಾದರೂ ತಿಳಿಸಿದರೆ ಆ ದಿನ ಅವರು ಮತ್ತೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಆಮೇಲೆ ಏನೇ ವಿವರಣೆ ಕೊಟ್ಟರೂ, ಮನಸ್ಸು ಬದಲಾಯಿಸಿದರೂ ಇಲ್ಲ. ಬೋಧಕನಿಗೂ ಅದನ್ನು ಮೀರುವ ಅಧಿಕಾರವಿರಲಿಲ್ಲ. ಒಳ್ಳೆಯ ನಿಯಮ. ಅದನ್ನು ಬರೆದವರು ಅಪ್ಪನ ಜೀಪಿನಲ್ಲಿ ಪ್ರಯಾಣ ಮಾಡಿದವರೇ ಇರಬೇಕು.

ನಾನು ಟೀ ಲೋಟ ಹಿಡಿದು ಟೈರುಗಳ ಗೋಡೆಯ ಮೇಲೆ ಕೂತಿದ್ದೆ. ಬೋಧಕ ಪಕ್ಕಕ್ಕೆ ಬಂದು ಕೂತ.

"ಆ ತಿರುವಿನ ಗೆರೆ ನೋಡಿದೆ," ಎಂದ. "ಅಂಚಿನಿಂದ ಅಂಚಿಗೆ. ನಾನು ಇನ್ನು ಹೆಚ್ಚು ಕಲಿಸಬೇಕಾದದ್ದಿಲ್ಲ." ನನ್ನ ಕಡೆ ತಿರುಗಿ, "ಆ ಪದ. ಅದೂ ನಿನ್ನ ಭಾಷೆಯೇ?"

"ಹೌದು."

"ಅರ್ಥ?"

"ಯಾರೂ ಬರುತ್ತಿಲ್ಲ ಅಂತ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜಗಳು ಅಲ್ಲಾಡಿದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಆಮೇಲೆ ಕೈ ತೆಗೆದು, "ಬೆಳಗ್ಗೆಯೇ ಹೇಳಬಹುದಿತ್ತಲ್ಲ?" ಎಂದ.

"ನೀವು ಕೇಳಲಿಲ್ಲ."

ದೊಡ್ಡ ಕಾರಿನಲ್ಲಿ ಹಲ್ಲಿನ ಡಾಕ್ಟರು ಹೋದ. ನನ್ನ ಜಾಗದಲ್ಲಿ ಯಾರಾದರೂ ಹೋಗಬೇಕಿತ್ತು. ಹುಲ್ಲಿಗೆ ಒಂದೇ ಬಾರಿ ಇಳಿದ. ಆ ಎಂಜಿನ್ನಿನ ಸದ್ದು ಕಾಡಿನ ಸುತ್ತ ಹೋಗಿ ಬರುವುದನ್ನು ಕೇಳುತ್ತ ನಾನು ಟೀ ಮುಗಿಸಿದೆ. ಟೀ ಧೂಳಿಗಿಂತಲೂ ಕೀಳು ಜಾತಿಯದು, ನಮ್ಮ ಕೂನೂರಿನಲ್ಲಿ ಅದನ್ನು ಹರಾಜಿಗೂ ಇಡುವುದಿಲ್ಲ. ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದುಃಖದ ನಡುವೆ ಇನ್ನೊಂದು ವಿಚಾರವೂ ಹೊಳೆಯಿತು. ಚಿಕ್ಕವಳಿದ್ದಾಗ ನಾನು ಕತ್ತು ಚಾಚಿ, ಕಣ್ಣಾರೆ ನೋಡಿ 'ಇಲ್ಲ' ಎಂದರೂ ಅಪ್ಪ ಬೆಲ್ ಒತ್ತಿಯೇ ತಿರುಗುತ್ತಿದ್ದ. ಪ್ರತಿ ಬಾರಿಯೂ. ಅದು ನನಗೆ ಅವಮಾನವೆನಿಸುತ್ತಿತ್ತು. ಹಾಗೆ ನೋಡಿದರೆ, ನಾನು 'ಇಲ್ಲ' ಎಂದ ಕೂಡಲೇ ನಂಬಿ, ಬಾವುಟವೆತ್ತಿ, ಆಂಬುಲೆನ್ಸ್ ಕಳಿಸಿದವರು ಈ ಭೂಮಿಯ ಮೇಲೆ ಆ ಶಾಲೆಯವರು ಮಾತ್ರ.

ಹಿಂತಿರುಗಿದ ದಿನ ಅಪ್ಪ ಜೀಪು ತಂದು ಊಟಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದ. ನನ್ನನ್ನು ನೋಡಿದ್ದೇ ಡ್ರೈವರ್ ಸೀಟಿನಿಂದ ಎದ್ದು ಪಕ್ಕದ ಸೀಟಿಗೆ ಸರಿದ. ಇದು ಹೊಸದು.

"ಓಡ್ಸು. ಫಾರಿನ್ ವಿದ್ಯೆ ನೋಡವ."

ತಲೆಕುಂದ ದಾಟುವವರೆಗೆ ಅವನೇನೂ ಕೇಳಲಿಲ್ಲ. ಘಾಟಿ ಶುರುವಾಗುವ ಮುಂಚೆ ಚೆಕ್‌ಪೋಸ್ಟಿನವನು ನಮ್ಮ ನಂಬರ್ ನೋಡಿ ಕೈ ಬೀಸಿದ. ಹೊರ ಊರಿನ ಕಾರುಗಳು ಪಕ್ಕದಲ್ಲಿ ನಿಂತು ಅವನೊಡನೆ ವಾದ ಮಾಡುತ್ತಿದ್ದವು. ಹೊರಗಿನವರಿಗೆ ಈ ಘಾಟಿ ಇಳಿಯುವ ಅನುಮತಿಯಿಲ್ಲ, ನನಗಿದೆ ಎಂದು ಸಣ್ಣದೊಂದು ಹಿಗ್ಗು ಬಂದು ಹೋಯಿತು.

"ದೊಡ್ ಕಾರು ಕೊಟ್ರಾ?" ಎಂದ ಅಪ್ಪ.

"ಇಲ್ಲ."

"ಯಾಕೆ?"

ಹೇಳಿದೆ. ಎಲ್ಲವನ್ನೂ, ಕ್ರಮವಾಗಿ. ನನ್ನ ಲೆಕ್ಕಕ್ಕೆ ಅದು ಬಹಳ ದೀರ್ಘವಾದ ಮಾತು. ಅಪ್ಪ ನಗುತ್ತಾನೆಂದುಕೊಂಡಿದ್ದೆ. ಅವನು ಗಂಭೀರವಾಗಿ ತಲೆಯಾಡಿಸಿದ.

"ಎದುರಿಗೆ ಯಾರೂ ಬರಾಕೇ ಇಲ್ವಾ ಅಲ್ಲಿ?"

"ಇಲ್ಲ."

"ಯಾವತ್ತೂ?"

"ಒಂದು ಮೊಲ ಬಂದಿತ್ತಂತೆ."

"ಮತ್ತೆ ಅದ್ರಲ್ಲಿ ಓಡ್ಸಾದೇನೈತೆ?" ಎಂದು ಕೇಳಿದ. ತಮಾಷೆಗಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. ನನ್ನ ಬಳಿ ಉತ್ತರವಿತ್ತು. ಅದು ಒಂದೇ ತಿರುವಿನಷ್ಟು ಉದ್ದದ ಉತ್ತರ, ಮಾತಿನಲ್ಲಿ ಹೇಳಲು ಬರುವಂಥದಲ್ಲ.

ಮೊದಲ ತಿರುವು ಬಂತು. ಅಪ್ಪ ಕತ್ತು ಹೊರಗೆ ಚಾಚಿದ. ನಾನು ಎರಡನೇ ಗೇರಿನಲ್ಲಿ ಎಡ ಅಂಚಿಗೆ ಸರಿದಿದ್ದೆ.

"ಇಲ್ಲ," ಎಂದ.

ನನ್ನ ಹೆಬ್ಬೆರಳು ಕಾಲಿಂಗ್ ಬೆಲ್ ಒತ್ತಿತು. ನಾನು ಒತ್ತಿದ್ದಲ್ಲ, ಅದೇ ಒತ್ತಿತು.

ಕೆಳಗಿನಿಂದ, ತೀರಾ ಹತ್ತಿರದಿಂದ, ಇನ್ನೊಂದು ಹಾರ್ನ್ ಓಗೊಟ್ಟಿತು. ನಾನು ನಿಲ್ಲಿಸಿದೆ. ತಿರುವಿನಾಚೆಯಿಂದ ಬಿಳಿ ಬಣ್ಣದ ವ್ಯಾನೊಂದು ಮೂಗು ತೋರಿಸಿ, ನರಳುತ್ತ, ಬಲಗಡೆಯ ಅರ್ಧ ರಸ್ತೆಯನ್ನು ಪೂರ್ತಿ ತುಂಬಿಕೊಂಡು ಹತ್ತಿ ಬಂತು. ಅದರ ಡ್ರೈವರ್ ಅಪ್ಪನಿಗೆ ಕೈ ಎತ್ತಿ ಹೋದ.

"ನನ್ನ ನಂಬ್ನಿಲ್ಲ ನೀನು," ಎಂದ ಅಪ್ಪ.

"ನೀನು ನನ್ನ ನಂಬ್ತಿದ್ದಾ?"

"ನಿನ್ನ ನಂಬ್ತಿದ್ದೆ ಕಣವ್ವಾ." ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡ. "ತಿರುವ ನಂಬ್ತಿರ್ನಿಲ್ಲ."

ಎರಡನೆಯ ತಿರುವಿಗೆ ಅವನು ಕತ್ತನ್ನು ಮೊದಲಿಗಿಂತ ಹೆಚ್ಚು ಚಾಚಿದ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ನನಗೂ ಕೆಳಗಿನ ರಸ್ತೆಯ ಒಂದು ತುಣುಕು ಕಾಣುತ್ತಿತ್ತು. ಬಿಸಿಲು ಬಿದ್ದ ಖಾಲಿ ಡಾಂಬರು, ಅಂಚಿನಲ್ಲಿ ಒಂದು ಕೋತಿ.

"ಐತೆ," ಎಂದ ಅಪ್ಪ.

ನಾನು ನಿಲ್ಲಿಸಿದೆ. ಎಡ ಅಂಚಿಗೆ ಸರಿದು, ಅರ್ಧ ರಸ್ತೆ ಬಿಟ್ಟು, ಎಂಜಿನ್ ಆರಿಸಿದೆ. ಹಿಂದೆ ಬಂದ ಕ್ಯಾರೆಟ್ ಲಾರಿಯವನೂ ನಿಲ್ಲಿಸಿದ. ಏನೆಂದು ಅವನು ಕೇಳಲಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ, ಮುಂದಿನವರು ನಿಂತರೆ ಯಾರೋ ಬರುತ್ತಿದ್ದಾರೆಂದೇ ಅರ್ಥ. ಕೋತಿ ನಮ್ಮನ್ನು ನೋಡಿತು. ನಾವು ಕಾದೆವು.